ಬೊಟ್ಟಿಟ್ಟ ಕಡೆ ಬೆಂಗಳೂರು

ಈಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ. ಯಲಹಂಕದ ಹಳೇ ಊರಿನಲ್ಲಿ ಒಂದು ಕಾಲಕ್ಕೆ ರೇಡಿಯೋ ಕೆಟ್ಟರೆ ಮನೆಯಲ್ಲಿ ಯಾರಿಗೋ ಜ್ವರ ಬಂದಷ್ಟೇ ಗಾಬರಿ. ಆಗ ಎಲ್ಲರ ಬಾಯಲ್ಲೂ ಒಂದೇ ಹೆಸರು, ಖಾದರ್ ಬಾಷಾ. ಪೇಟೆ ಬೀದಿಯ ತಿರುವಿನಲ್ಲಿ ಒಂದೇ ಕೋಣೆಯ ಅಂಗಡಿ, ಒಳಗೆ ಹೊಟ್ಟೆ ಬಿಚ್ಚಿಕೊಂಡು ಕೂತ ವಾಲ್ವ್ ರೇಡಿಯೋಗಳು. ಯುದ್ಧದ ಕಾಲದಲ್ಲಿ ವಿಮಾನದ ಶೆಡ್ಡಿಗೆ ಕೂಲಿಗೆ ಹೋಗಿ, ವೈರ್‌ಲೆಸ್ಸಿನವರ ಹಿಂದೆ ಮುಂದೆ ಸುತ್ತಾಡಿ ಕಲಿತ ವಿದ್ಯೆ ಅದು.

ಅವರದೊಂದು ಪದ್ಧತಿ ಇತ್ತು. ಅಂಗಡಿಯ ಹಲಗೆಯ ಮೇಲೆ ಹಳೇ ವಿಲಾಯತಿ ಸೆಟ್ಟೊಂದು ಯಾವಾಗಲೂ ಇರುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ಉಸ್ತಾದ್. ಯಾವ ರೇಡಿಯೋ ರಿಪೇರಿಯಾದರೂ ಅದನ್ನು ಉಸ್ತಾದನ ಪಕ್ಕದಲ್ಲಿಟ್ಟು, ಉಸ್ತಾದನ ಮುಳ್ಳು ಎಲ್ಲಿ ನಿಂತರೆ ಬೆಂಗಳೂರು ಬರುತ್ತದೋ ಇದರ ಮುಳ್ಳೂ ಅಲ್ಲೇ ನಿಂತು ಬೆಂಗಳೂರು ಹಿಡಿಯುವಂತೆ ಒಳಗಿನ ಸಣ್ಣ ತಿರುಪುಗಳನ್ನು ಹೊಂದಿಸುತ್ತಿದ್ದರು. "ನಾನು ಮುಟ್ಟಿದ್ ಸೆಟ್ಟಲ್ಲಿ ಮುಳ್ಳು ಸುಳ್ಳು ಹೇಳಲ್ಲ ಕಣ್ರೀ" ಎಂದು ಜಂಬ ಕೊಚ್ಚುತ್ತಿದ್ದರು. ಊರೂ ಹೌದೌದು ಎನ್ನುತ್ತಿತ್ತು.

ಅರವತ್ತರ ದಶಕ ಶುರುವಾದ ಹೊತ್ತಿಗೆ ಉಸ್ತಾದ್ ಒಂದು ಮಧ್ಯಾಹ್ನ ಹೊಗೆ ಉಗುಳಿ ಸುಮ್ಮನಾಯಿತು. ಒಳಗಿನ ಸುರುಳಿಯೇ ಸುಟ್ಟುಹೋಗಿತ್ತು. ಅಳತೆಗೋಲು ಕಳೆದುಕೊಂಡ ದರ್ಜಿ ಬಟ್ಟೆ ಕತ್ತರಿಸುವುದು ಹೇಗೆ? ಕೊನೆಗೆ ಸಿಗ್ನಲ್ ಜನರೇಟರ್ ಕೊಳ್ಳುವುದೆಂದು ತೀರ್ಮಾನವಾಯಿತು. ಅದು ತಾನೇ ಪುಟ್ಟ ರೇಡಿಯೋ ನಿಲಯದ ಹಾಗೆ ಅಲೆ ಹೊರಡಿಸುವ ಪೆಟ್ಟಿಗೆ. ಯಾವ ಅಂಕಿಗೆ ತಿರುಗಿಸಿದರೆ ಆ ಅಂಕಿಯ ಅಲೆ ಕೊಡಬೇಕು.

ಯಶವಂತಪುರದಲ್ಲಿ ಮಿಲಿಟರಿಯವರು ಬಿಸಾಕಿದ ಸಾಮಾನು ಮಾರುತ್ತಿದ್ದ ಹಳೇ ಸ್ನೇಹಿತ ಮುಜಫ್ಫರ್ ಎರಡು ಪೆಟ್ಟಿಗೆ ತೋರಿಸಿದ. ಒಂದು ಯುದ್ಧಕಾಲದ್ದು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ, ಬೆಳ್ಳಿಯಂತೆ ಹೊಳೆಯುವ ಡಯಲ್ಲು. ಇನ್ನೊಂದು ಮೂತಿ ಸೊಟ್ಟಗಿನ ಬೂದು ಡಬ್ಬಿ. ಖಾದರ್ ಬಾಷಾ ಹೊಳೆಯುವುದಕ್ಕೆ ಮನಸೋತದ್ದು ನಿಜ. ಆದರೂ ಪರೀಕ್ಷೆ ಮಾಡದೆ ಬಿಡುವ ಪೈಕಿ ಅಲ್ಲ. ಅಲ್ಲಿದ್ದ ರೇಡಿಯೋದಲ್ಲಿ ಬೆಂಗಳೂರು ನಿಲಯ ಹಿಡಿದು, ಮೊದಲು ದೊಡ್ಡ ಪೆಟ್ಟಿಗೆಯ ಅಲೆಯನ್ನು ಅದರ ಮೇಲೆ ಬಿಟ್ಟರು. ಎರಡೂ ಕೂಡದಿದ್ದರೆ ಕುಂಯ್ ಎಂದು ಶಿಳ್ಳೆ, ಕೂಡಿದರೆ ಶಿಳ್ಳೆ ಮಾಯ. ಶಿಳ್ಳೆ ಮಾಯವಾದ ಮೇಲೆ ಕೈ ಕಟ್ಟಿ ಕೂತರು. ಚಹಾ ಬಂತು, ಇನ್ನೊಂದು ಚಹಾ ಬಂತು.

"ಏನ್ ಭಾಯ್, ಹೆಣ್ಣು ನೋಡಕ್ ಬಂದವ್ರ ತರ ಕೂತ್ಬಿಟ್ರಲ್ಲ! ಎತ್ಕೊಂಡ್ ಹೋಗಿ ಅತ್ಲಾಗೆ" ಎಂದ ಮುಜಫ್ಫರ್.

ಅಷ್ಟರಲ್ಲಿ ದೊಡ್ಡ ಪೆಟ್ಟಿಗೆ ಬಿಸಿಯಾಗಿ ಮೆಲ್ಲಗೆ ಶಿಳ್ಳೆ ಹಾಕಲು ಶುರುಮಾಡಿತು.

"ನೋಡ್ದಾ? ಬಿಸಿ ಏರಿದ್ರೆ ಮಾತು ಬದಲಾಯಿಸ್ತಾನೆ. ಬೇಡ ಇವ್ನು" ಎಂದರು ಖಾದರ್ ಬಾಷಾ. ಬೂದು ಡಬ್ಬಿ ಮಾತ್ರ ಕಲ್ಲಿನ ಹಾಗೆ ನಿಂತಿತು. ನಿಲಯದವರು ದಿನಾ ಹೇಳುವ ಅಂಕಿಗೂ ಅದರ ಡಯಲ್ಲಿನ ಅಂಕಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅದನ್ನೇ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಬಂದರು.

ಮಾರನೇ ದಿನ, ಉಸ್ತಾದ್ ಕೆಡುವ ಮುಂಚೆ ಹೊಂದಿಸಿಟ್ಟಿದ್ದ ಸೆಟ್ಟೊಂದಕ್ಕೆ ಜನರೇಟರ್ ಹಚ್ಚಿದರು. ಮುಳ್ಳು ಸರಿಯಾದ ಅಂಕಿಯಿಂದ ಒಂದು ಬೆರಳಿನಗಲ ಪಕ್ಕಕ್ಕಿತ್ತು. ಇನ್ನೊಂದು ಸೆಟ್ ನೋಡಿದರು, ಅದೂ ಹಾಗೇ. ಅಂಗಡಿಯಲ್ಲಿದ್ದವೆಲ್ಲ ಅದೇ ಬೆರಳಿನಗಲ, ಅದೇ ಪಕ್ಕಕ್ಕೆ. ಡಬ್ಬಿಯನ್ನು ನಿಲಯದ ಅಲೆಗೇ ಹಚ್ಚಿ ಪರೀಕ್ಷಿಸಿದ್ದಾಗಿತ್ತು. ತಪ್ಪಿದ್ದು ಉಸ್ತಾದನಲ್ಲೇ. ಅಲ್ಲಿಗೆ, ಇಷ್ಟು ವರ್ಷ ಊರಿನ ಮನೆಮನೆಗೂ ತಪ್ಪನ್ನೇ ಹಂಚಿದ್ದಾಯಿತು!

ಹೆಂಡತಿ ಜೈಬುನ್ನೀಸಾ ಸಮಾಧಾನ ಹೇಳಿದಳು. "ಯಾರ್ಗಾದ್ರೂ ಹಾಡು ಕೇಳ್ಸಿಲ್ವಾ? ಕೇಳ್ಸಿದೆ ತಾನೇ. ಸುಮ್ನಿರಿ."

"ಮುಳ್ಳು ಸುಳ್ಳು ಹೇಳಲ್ಲ ಅಂತ ಹೇಳ್ಕೊಂಡ್ ತಿರುಗ್ದೋನು ನಾನು. ನಾಳೆ ಗೊತ್ತಾದ್ರೆ ಯಾರು ನಂಬ್ತಾರೆ?" ಎಂದರು ಅವರು. ಒಂದೊಂದೇ ಸೆಟ್ ತರಿಸಿ, ಪುಕ್ಕಟೆಯಾಗಿ ಸರಿಮಾಡಿ ಕೊಟ್ಟರೆ ಮಾತ್ರ ತಾನು ಈ ಊರಲ್ಲಿ ತಲೆಯೆತ್ತಿ ತಿರುಗಬಹುದು ಎಂದುಕೊಂಡರು.

ಮೊದಲು ಹೋದದ್ದು ರಾಮಲಕ್ಷ್ಮಮ್ಮನ ಮನೆಗೆ. ಅವರ ಗಂಡ, ರೈಲ್ವೆಯಲ್ಲಿದ್ದ ಮುನಿವೆಂಕಟಯ್ಯನವರು, ಖಾದರ್ ಬಾಷಾರ ಅಂಗಡಿಯ ಮೊದಮೊದಲ ಗಿರಾಕಿ. ಅವರು ತೀರಿಕೊಂಡು ವರ್ಷವಾಗಿತ್ತು. ಅಂಗಡಿಗೆ ತಂದ ಸೆಟ್ಟಿನ ಗಾಜಿನ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟುಗಳಿದ್ದವು. ಆಯುಧಪೂಜೆಗೆ ಎಲ್ಲರೂ ರೇಡಿಯೋಗೂ ಕುಂಕುಮ ಇಡುವವರೇ. ಪೂಜೆಯದ್ದನ್ನು ಒರೆಸಬಾರದೆಂದು ಅದನ್ನು ಮುಟ್ಟದೆ, ಒಳಗಿನದನ್ನಷ್ಟೇ ಸರಿಮಾಡಿ, ತಲುಪಿಸಿ ಬಂದರು.

ಬೆಳಗಾಗುವುದರೊಳಗೆ ರಾಮಲಕ್ಷ್ಮಮ್ಮ ರೇಡಿಯೋವನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಯ ಮುಂದೆ ಹಾಜರ್.

"ಏನಪ್ಪಾ ಬಾಷಾ, ಇಂಗ್ ಮಾಡ್ಬುಟ್ಟೆ? ಬೊಟ್ಟಿನ್ ತಾವ ಕಡ್ಡಿ ತಂದ್ರೆ ಬರೀ ಬುಸ್ ಅಂತೈತೆ!"

"ಯಾವ್ ಬೊಟ್ಟಮ್ಮಾ?"

"ಇದೇ! ನಂಗೆ ಓದಕ್ ಬರಾಕಿಲ್ಲ ಅಂತ ನಮ್ಮನೆಯೋರು ಇಟ್ಕೊಟ್ಟಿದ್ದು. ಈ ಬೊಟ್ಟು ಬೆಂಗ್ಳೂರು, ಅದು ಮದ್ರಾಸು, ಆ ಕೊನೇದು ಸಿಲೋನು."

ಖಾದರ್ ಬಾಷಾ ಗಾಜಿನ ಹತ್ತಿರ ಬಗ್ಗಿ ನೋಡಿದರು. "ಅಷ್ಟೇನಾ? ಇವನ್ನ ಒರೆಸಿ ಸರಿಯಾದ ಜಾಗಕ್ಕೆ ಹೊಸದಾಗಿ ಇಟ್ಕೊಡ್ತೀನಿ ಬಿಡಿ" ಎಂದು ಬಟ್ಟೆ ಎತ್ತಿಕೊಂಡರು.

ಮುದುಕಿ ರೇಡಿಯೋವನ್ನು ಎದೆಗವುಚಿಕೊಂಡಳು. "ಮುಟ್ಟೀಯಾ ಜ್ವಾಕೆ! ಅವ್ರ ಕೈಯಾಗಿಟ್ಟಿದ್ದು ಇದೊಂದೇ ಉಳ್ದಿರಾದು."

"ಅಲ್ಲಮ್ಮಾ, ಮೊದ್ಲು ಇದ್ದಿದ್ದು ತಪ್ಪು ಜಾಗ..."

"ತಪ್ಪೋ ಒಪ್ಪೋ, ಅವ್ರು ಅಲ್ಲೇ ಕೇಳ್ತಿದ್ರು. ನಂಗೂ ಅಲ್ಲೇ ಬರ್ಲಿ."

ಖಾದರ್ ಬಾಷಾ ಬಟ್ಟೆ ಕೆಳಗಿಟ್ಟು ಜನರೇಟರ್ ಹಚ್ಚಿ, ಅದು ಬಿಸಿಯಾಗುವ ತನಕ ಕಾದರು. ಮುಳ್ಳನ್ನು ಮೊದಲ ಬೊಟ್ಟಿನ ಕೆಳಗೆ ತಂದು, ಬೆಂಗಳೂರಿನ ಅಂಕಿಗೆ ಡಬ್ಬಿಯನ್ನು ತಿರುಗಿಸಿ, ನಿನ್ನೆ ತಾನೇ ಸರಿಮಾಡಿದ್ದ ತಿರುಪನ್ನು ಒಂದಿಷ್ಟಿಷ್ಟೇ ಹಿಂದಕ್ಕೆ ತಂದರು. ಮದ್ರಾಸಿನ ಬೊಟ್ಟಿಗೂ ನೋಡಿದರು, ಸಿಲೋನಿನದಕ್ಕೂ ನೋಡಿದರು. ಹೊಸ ಯಂತ್ರ ಬಂದ ಮೇಲೆ ಇಷ್ಟು ಎಚ್ಚರಿಕೆಯಿಂದ ಮಾಡಿದ ಕೆಲಸ ಇದೇ ಮೊದಲು.

ಬೊಟ್ಟಿನ ಕೆಳಗೆ ಬೆಂಗಳೂರು ಬಂತು. ರಾಮಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡು ಒಂದು ಗಳಿಗೆ ಕೇಳಿದಳು.

"ಆಂ, ಈಗ ಸರ್ಯಾತು. ಬಾಷಾನ ಕೈ ಅಂದ್ರೆ ಬಾಷಾನ್ ಕೈಯೇ ಅಂತಿದ್ರು ಅವ್ರು" ಎಂದು ಸೆಟ್ ಎತ್ತಿಕೊಂಡು ಹೊರಟೇಹೋದಳು.

ಖಾದರ್ ಬಾಷಾ ಅಂಗಡಿಯ ಒಳಗೆ ಹೋಗಿ, ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡರು. ಆಮೇಲೆ ಯಾರ ಸೆಟ್ಟನ್ನೂ ತರಿಸಲು ಹೋಗಲಿಲ್ಲ. ರಿಪೇರಿಗೆ ಬಂದವರನ್ನು ಮಾತ್ರ ಮೊದಲು ಕೇಳುತ್ತಿದ್ದರು: "ನಿಮ್ಮನೇಲಿ ಬೆಂಗ್ಳೂರು ಎಲ್ಲಿ ಬರುತ್ತೆ, ತೋರ್ಸಿ."