ನಮ್ಮ ಮನೆಯ ಡೊಂಕು ಗೋಡೆ

ನಾನು ಚಿಕ್ಕವನಿದ್ದಾಗ ನನ್ನಷ್ಟು ಹೊಟ್ಟೆಕಿಚ್ಚಿನ ಹುಡುಗ ಇಡೀ ಬೆಟಗೇರಿಯಲ್ಲಿ ಇನ್ನೊಬ್ಬ ಇರಲಿಲ್ಲ. ಯಾರ ಮೇಲೆ ಅಂತೀರಾ? ಅಕ್ಕನ ಮೇಲೆ. ಅವಳ ತಾಟಿನ ರೊಟ್ಟಿ ನನ್ನದಕ್ಕಿಂತ ಚೂರು ಹೆಚ್ಚು ಉಬ್ಬಿದ್ದರೂ ನನಗೆ ಉರಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಉರಿ ಎಂದರೆ ಅಪ್ಪನ ಮಗ್ಗ. ಸೀರೆ ನೇಯುವಾಗ ಎಳೆ ಹರಿದರೆ ಗಂಟು ಹಾಕಲು ಅಕ್ಕನೇ ಬೇಕು. ನಾನು ಕೈಯಿಟ್ಟರೆ ಎಲ್ಲ ಸಿಕ್ಕಾಗುತ್ತಿತ್ತು, ಆ ಮಾತು ಬೇರೆ.

ನಮ್ಮ ಮನೆಯ ಮುಂದೆ ಪುಟ್ಟ ಕೈತೋಟವಿತ್ತು. ಅದರಾಚೆ ಹೊಸದಾಗಿ ಕಲ್ಲಿನ ಫುಟ್‌ಪಾತ್ ಆಗಿತ್ತು. ಓಣಿಯ ಆಡುಗಳು ಅದರ ಮೇಲೇ ಠೀವಿಯಿಂದ ಬಂದು ತೋಟಕ್ಕೆ ನುಗ್ಗುತ್ತಿದ್ದವು. ಒಳಗೆ ಅಕ್ಕನ ಮಲ್ಲಿಗೆ ಬಳ್ಳಿ, ಮೂಲೆಯಲ್ಲಿ ನನ್ನ ಪೇರಲ ಸಸಿ. ಲಕ್ಕುಂಡಿಯ ಅಜ್ಜಿಯ ಮನೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸಸಿ ಅದು. ಆಡುಗಳ ಕಾಟ ತಡೆಯಲಾರದೆ ಅಪ್ಪ ಗೋಡೆ ಕಟ್ಟಿಸಲು ನಿಂತ.

ಒಂದು ಬೆಳಗ್ಗೆ ಟ್ರ್ಯಾಕ್ಟರ್ ಬಂದು ಇಟ್ಟಿಗೆ ಸುರಿದು ಹೋಯಿತು. ನೀರು ಹಾಕಿದರೆ ಅವು ಚುಸ್ ಎಂದು ಕುಡಿದವು. ಗೋಡೆ ಕಟ್ಟುವ ಗೌಂಡಿ ಕಾಕಾ ಸಾಲು ನೆಟ್ಟಗಿಡಲು ತನ್ನ ದಾರ ತೆಗೆದರೆ ಅಪ್ಪ ಬೇಡವೆಂದು ಮಗ್ಗದ ನೂಲನ್ನೇ ತಂದ. ನೂಲಿನ ಉಂಡೆ ಯಾರ ಕೈಗೆ? ಮತ್ತೆ ಅಕ್ಕನ ಕೈಗೇ!

"ನಾ ಹಿಡೀತೀನಪ್ಪಾ!"

"ನೀ ಸುಮ್ನ ಕುಂಡ್ರಲೇ, ಜಗ್ಗಿ ಹರೀತಿ."

ಅಕ್ಕ ನನ್ನ ಕಡೆ ನೋಡಿ ನಾಲಿಗೆ ಚಾಚಿದಳು. ನಾನು ಸಿಟ್ಟಿಗೆ ಒಂದು ಇಟ್ಟಿಗೆಗೆ ಒದ್ದು ಕಾಲು ನೋಯಿಸಿಕೊಂಡೆ.

ಅಪ್ಪ ಮನೆಯ ಹೊಸ್ತಿಲಿಗೆ ಸರಿಯಾಗಿ ನೂಲು ಎಳೆಸಿದ. ಗೌಂಡಿ ಕಾಕಾ ತಲೆ ಕೆರೆದುಕೊಂಡ. "ರಸ್ತಾ ಓರೆ ಐತ್ರಿ. ಫುಟ್‌ಪಾತ್ ಗುಂಟ ಕಟ್ಟಿದ್ರ ನಿಮ್ಮ ಜಾಗಾ ಪೂರಾ ಒಳಗ ಬರ್ತೈತಿ."

"ಅಂಚು ಓರೆ ಆದ ಸೀರಿ ಯಾರ್ ಉಡ್ತಾರ? ಹೊಸ್ತಿಲಕ್ಕ ನೆಟ್ಟಗಿರ್ಲಿ," ಎಂದ ಅಪ್ಪ. ನೇಕಾರನ ಕಣ್ಣಿಗೆ ಓರೆ ಎಂದರೆ ಆಗುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡು ಸಾಲು ಮೇಲೆದ್ದವು. ಆಗ ನೋಡಿದೆ. ನಮ್ಮ ಜಾಗದ ಒಂದು ಮೂಲೆ ಗೋಡೆಯಾಚೆ ಉಳಿದಿತ್ತು. ಆ ಮೂಲೆಯಲ್ಲಿ ನನ್ನ ಪೇರಲ! ಆಗಲೇ ಒಂದು ಆಡು ಬಂದು ಅದರ ಎಲೆ ಮೂಸುತ್ತಿತ್ತು.

"ಅಕ್ಕನ ಮಲ್ಲಿಗಿ ಒಳಗ, ನಂದಷ್ಟ ಹೊರಗ!" ಎಂದು ಚೀರಿ ಸಸಿಯ ಪಕ್ಕದಲ್ಲೇ ಕುಳಿತುಬಿಟ್ಟೆ. ಊಟಕ್ಕೆ ಕರೆದರೂ ಏಳಲಿಲ್ಲ. ಕಿತ್ತು ಒಳಗೆ ನೆಡೋಣ ಎಂದ ಗೌಂಡಿ ಕಾಕಾ. ಅಪ್ಪ ಬುಡ ಮುಟ್ಟಿ ನೋಡಿ, "ಬ್ಯಾಡ, ಈ ಬಿಸಲಾಗ ಸಾಯ್ತೈತಿ," ಎಂದ.

ನೂಲು ನೋಡಿದ, ಸಸಿ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಗಾರೆ ಇನ್ನೂ ಹಸಿಯಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. "ನೇಯ್ದದ್ದ ಬಿಚ್ಚೂದು ನಮಗೇನ ಹೊಸದಲ್ಲ ಬಿಡು," ಎಂದು ನಕ್ಕು, ಕಡ್ಡಿಯಿಂದ ಸಸಿಯನ್ನು ಬಳಸಿ ಫುಟ್‌ಪಾತಿನ ಕಲ್ಲಿನವರೆಗೆ ಅರ್ಧಚಂದ್ರ ಗೀಚಿದ. ಸಂಜೆಗೆ ನೆಟ್ಟಗೆ ಬಂದ ಗೋಡೆ ನನ್ನ ಸಸಿಯ ಹತ್ತಿರ ಮಾತ್ರ ಹೊಟ್ಟೆ ಮುಂದೆ ಮಾಡಿ ನಿಂತಿತ್ತು.

ಅಕ್ಕ ನೂಲಿನ ಉಂಡೆ ಬಿಸಾಕಿದಳು. "ನನ್ನ ಸಲುವಾಗಿ ಒಂದರ ಇಟ್ಟಂಗಿ ಸರಿಸೀಯೇನಪ್ಪಾ?" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಯ್ಯೋ, ನನ್ನ ಮೇಲೂ ಒಬ್ಬರಿಗೆ ಹೊಟ್ಟೆಕಿಚ್ಚು ಬರಬಹುದು ಎಂದು ನನಗೆ ಗೊತ್ತಾದದ್ದೇ ಅವತ್ತು. ಖರೆ ಹೇಳಬೇಕೆಂದರೆ, ಪೇರಲ ಹಣ್ಣಿಗಿಂತ ಅದೇ ಸಿಹಿಯಾಗಿತ್ತು.

ಈಗಿನ ಹುಡುಗರೇ, ನಿಮ್ಮ ಮನೆಗಳ ಕಾಂಪೌಂಡುಗಳು ಗೆರೆ ಎಳೆದಷ್ಟು ನೆಟ್ಟಗಿವೆ. ನಿಮ್ಮ ಗಿಡಗಳು ಕುಂಡದಲ್ಲಿ, ಬೇಕಾದಲ್ಲಿ ಎತ್ತಿಡಬಹುದು. ನೀವು ಮೊಬೈಲಿಗಾಗಿ ಕಿತ್ತಾಡುತ್ತೀರಿ, ಚಾರ್ಜ್ ಮುಗಿದರೆ ಜಗಳವೂ ಮುಗಿಯುತ್ತದೆ. ನಮ್ಮದು ಇನ್ನೂ ಮುಗಿದಿಲ್ಲ ನೋಡಿ. ಆ ಪೇರಲ ಹೋಗಿ ಅದರ ಬೀಜದ ಗಿಡ ಅಲ್ಲೇ ನಿಂತಿದೆ. ಅಕ್ಕ ಬಂದಾಗಲೆಲ್ಲ ಗೋಡೆಯ ಡೊಂಕಿಗೆ ಕೋಲಿನಿಂದ ಕುಟ್ಟಿ, "ಅಪ್ಪಗ ನೀ ಅಂದ್ರ ಭಾಳ ಪ್ರೀತಿ ಇತ್ತು," ಎನ್ನುತ್ತಾಳೆ. ನಾನು ಒಂದು ಪೇರಲ ಕಿತ್ತು ಅವಳ ಕೈಗಿಡುತ್ತೇನೆ. ಅಪ್ಪನ ಮಗ್ಗ ಅವಳ ಮನೆಯಲ್ಲಿದೆ. ಅಲ್ಲಿಗೆ ಹೋಗಿ ಅದನ್ನು ಕಂಡಾಗಲೆಲ್ಲ ನನ್ನ ಬಾಯಿಗೂ ಇದೇ ಮಾತು ಬರುತ್ತದೆ.