ಈರಪ್ಪ ಕಾಕಾನ ಮೇಲೆ ಹೊರಿಸಿದ ಹುಳುಕಡ್ಡಿ

ಈರಪ್ಪ ಕಾಕಾನ ಕ್ಷೌರದ ಕತ್ತಿಯಿಂದ ನನಗೆ ಹುಳುಕಡ್ಡಿ ಹತ್ತಿತು ಎಂದು ನಾನು ಹೇಳಿದ್ದು ಸುಳ್ಳು. ಬಾಯಿ ತಪ್ಪಿ ಬಂದದ್ದಲ್ಲ — ತಿಳಿದೂ ತಿಳಿದೂ ಹೇಳಿದ್ದು. ಹಾಗೆ ಹೇಳಿದ ಆ ಇಪ್ಪತ್ತಾರರ ಗಂಡಸಿನ ಕೆನ್ನೆಗೆ ಇಂದಿಗೂ ಬಾರಿಸಬೇಕೆನಿಸುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಕುಂದಗೋಳ ತಾಲೂಕಿನ ನಮ್ಮ ಹಳ್ಳಿಯಲ್ಲಿ ಕಟಿಂಗ್ ಅಂಗಡಿ ಎಂದರೆ ಈರಪ್ಪ ಕಾಕಾನದೊಂದೇ. ಅಲ್ಲಿಗೆ ಕೂದಲು ಕತ್ತರಿಸಿಕೊಳ್ಳಲು ಬರುವವರಿಗಿಂತ ಮಾತಾಡಲು ಬರುವವರೇ ಹೆಚ್ಚು. ತಲೆ ಪೂರ್ತಿ ಬೋಳಾಗಿದ್ದ ನಮ್ಮ ದೊಡ್ಡಪ್ಪ ಕೂಡ ರವಿವಾರ ತಪ್ಪದೆ ಪಾಳಿ ಹಚ್ಚಿ, ದಾಡಿ ಮಾಡಿಸಿಕೊಂಡು, ಊರವರ ತಲೆಗಳ ಬಗ್ಗೆ ಅಭಿಪ್ರಾಯ ಕೊಟ್ಟು ಬರುತ್ತಿದ್ದ. ಗಂಟಲ ಮೇಲೆ ಕತ್ತಿ ಇದ್ದಷ್ಟು ಹೊತ್ತು ಮಾತ್ರ ಸುಮ್ಮನಿರುತ್ತಿದ್ದ.

ಯರಗುಪ್ಪಿಯಿಂದ ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬರುವ ಹಿಂದಿನ ದಿನ ನಾನು ಆ ಕುರ್ಚಿಯಲ್ಲಿ ಕುಳಿತೆ. ಕಿವಿಯ ಹಿಂದಿನ ಕೂದಲೆತ್ತಿದ ಕಾಕಾನ ಕೈ ಅಲ್ಲೇ ನಿಂತಿತು. ಹುಬ್ಬಳ್ಳಿಯ ಬಾಡಿಗೆ ಕೋಣೆಯಿಂದ ನಾನು ತಂದಿದ್ದ ಕಲೆ ಅದು — ತಿಂಗಳಿಂದ ಮುಚ್ಚಿಟ್ಟುಕೊಂಡಿದ್ದೆ. ಅಂಗಡಿ ಖಾಲಿಯಾಗುವವರೆಗೂ ಅವನು ಅದರ ಮಾತೆತ್ತಲಿಲ್ಲ. ಆಮೇಲೆ ಬಾಗಿ ಮೆಲ್ಲಗೆ ಹೇಳಿದ:

"ತಮ್ಮಾ, ಹುಳುಕಡ್ಡಿ ಐತಿ. ಡಾಕ್ಟರಿಗೆ ತೋರಸು. ನಾ ಯಾರ ಮುಂದೂ ಹೇಳಂಗಿಲ್ಲ."

ಆ ಬದಿಯ ಕೂದಲನ್ನು ಉದ್ದ ಬಿಟ್ಟು ಕಲೆ ಮುಚ್ಚಿದ. ನನ್ನ ತಲೆ ಬಾಚಿದ ಹಣಿಗೆಯನ್ನು ಮುರಿದು ಒಲೆಗೆ ಹಾಕಿದ. ಕತ್ತಿಯನ್ನು ಕುದಿಯುವ ನೀರಿಗೆ ಇಳಿಬಿಟ್ಟ.

ಮರುದಿನ ಹಿರಿಯರ ಕಾಲು ಮುಟ್ಟಲು ಬಾಗಿದಾಗ ಕೂದಲು ಸರಿಯಿತು. ಕಿವಿಯ ಹಿಂದೆ ಅದೇನೆಂದು ಹುಡುಗಿಯ ಸೋದರಮಾವ ಕೇಳಿದರು. ಪಡಸಾಲೆಯ ತುಂಬ ಜನ. ಅಪ್ಪನ ಮುಖ ಕಪ್ಪಿಟ್ಟಿತು. ನಿಜ ಹೇಳಿದ್ದರೆ ಏನಾಗುತ್ತಿತ್ತು — ನಾಲ್ಕು ದಿನದ ನಾಚಿಕೆ, ಒಂದು ಡಬ್ಬಿ ಮುಲಾಮು...

"ನಮ್ಮೂರ ಈರಪ್ಪನ ಕತ್ತೀಲಿಂದ ಹತ್ತೇತ್ರಿ," ಎಂದೆ. "ಅಗದಿ ಹೊಲಸ ಇಟ್ಟಿರತಾನ."

ಸಂಬಂಧ ಕೂಡಿತು. ಸಂಜೆಯೊಳಗೆ ನನ್ನ ಮಾತು ಊರೆಲ್ಲ ಹರಡಿತು. ಮೂವತ್ತು ವರ್ಷ ಅವನ ಕೈಗೆ ಕುತ್ತಿಗೆ ಕೊಟ್ಟ ಜನ ಕಟಿಂಗಿಗೆ ಬಸ್ಸು ಹತ್ತಿ ಸಂಶಿಗೆ ಹೋಗತೊಡಗಿದರು — ದೊಡ್ಡಪ್ಪ ಎಲ್ಲರಿಗಿಂತ ಮೊದಲು. ಒಬ್ಬನಾದರೂ ಹೋಗಿ ಅವನನ್ನೇ ಕೇಳಲಿಲ್ಲ. ಅವರನ್ನು ನೆನೆದರೆ ಮೈ ಉರಿಯುತ್ತದೆ; ಆದರೆ ಕಡ್ಡಿ ಗೀರಿದವನು ನಾನು. ಕಾಕಾನ ಮೇಲೂ ಸಿಟ್ಟು ಬರುತ್ತದೆ — ಕಲೆ ಮೊದಲೇ ಇತ್ತೆಂದು ಅವನು ಒಂದು ಮಾತು ಹೇಳಬಾರದಿತ್ತೇ, ಕೊಟ್ಟ ಮಾತನ್ನು ನನ್ನಂಥವನ ಸಲುವಾಗಿ ಯಾಕೆ ಹಿಡಿದು ಕುಳಿತ... ಎಂಥ ನಾಚಿಕೆಗೆಟ್ಟ ಸಿಟ್ಟು ನನ್ನದು. ಹತ್ತಿ ಬಿಡಿಸುವ ಕಾಲಕ್ಕೆ ಅವನು ಅಂಗಡಿ ಮುಚ್ಚಿ, ಹೆಂಗಸರ ಜೊತೆ ಕೂಲಿಗೆ ಹೋಗುತ್ತಿದ್ದ.

ಮದುವೆಯಾದ ವರ್ಷ ಕುಂದಗೋಳದ ಬಸ್ಸಿನಲ್ಲಿ ಸಿಕ್ಕ. ನನ್ನ ಬಾಜು ಹೆಂಡತಿ ಕುಳಿತಿದ್ದಳು. ಇವತ್ತು ಬೈಯುತ್ತಾನೆ ಎಂದುಕೊಂಡೆ. ಅವನು ಅವಳಿಗೆ ಕೇಳದಂತೆ ಬಗ್ಗಿ, "ಕಲೆ ಹೋತೇನಪಾ?" ಎಂದ.

"ಹೋತ್ರಿ ಕಾಕಾ," ಎಂದೆ. ಅಷ್ಟೇ. ಇನ್ನೂ ಅರ್ಧ ದಾರಿ ಬಾಕಿ ಇತ್ತು. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ಅವನು ತೀರಿಕೊಂಡು ಎಷ್ಟೋ ಕಾಲವಾಯಿತು. ನಿನ್ನೆ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವನ ಮಗಳು ತಿರ್ಲಾಪುರದಲ್ಲಿ ಇದ್ದಾಳಲ್ಲ, ಅವಳಿಗೆ ಯಾವಾಗ ಹೇಳುತ್ತೀರಿ ಎಂದು ಕೇಳಿದಳು.

ನಾಳೆ ಹೋಗುತ್ತೇನೆ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ನಿನ್ನ ಅಪ್ಪನ ಕತ್ತಿ ಚೊಕ್ಕ ಇತ್ತು ತಂಗಿ — ಅದನ್ನು ಅವಳ ಮನೆಮಂದಿಯೆಲ್ಲರ ಎದುರು ಹೇಳಬೇಕು. ಅವಳು ಹೊಸ್ತಿಲ ಒಳಗೆ ಕರೆಯದಿದ್ದರೆ, ಓಣಿಯಲ್ಲಿ ನಿಂತೇ ಹೇಳಬೇಕು.