ಚಕ್ಕುಬಂದಿಯ ಮೇಲಿನ ಕುಂಕುಮ

ನಮ್ಮ ಶಾಲೆಯ ಕನ್ನಡ ಮಾಧ್ಯಮದ ವಿಭಾಗ ಮುಚ್ಚಿದ ವರ್ಷ ನಾನು ಚಳ್ಳಕೆರೆಯ ವಕೀಲರೊಬ್ಬರ ಕಚೇರಿಗೆ ಸೇರಿದೆ. ಆ ವಕೀಲರು ಒಂದು ಕಾಲಕ್ಕೆ ನನ್ನ ತರಗತಿಯ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದವರು. ಕಕ್ಷಿದಾರರು ತರುವ ಕಾಗದಗಳನ್ನು ಸ್ಕ್ಯಾನ್ ಮಾಡುವುದು, ಪುಟಸಂಖ್ಯೆ ಹಾಕುವುದು, ನ್ಯಾಯಾಲಯದ ಇ-ಫೈಲಿಂಗ್ ಪೋರ್ಟಲ್ಲಿಗೆ ಏರಿಸುವುದು, ಗಡುವಿನ ದಿನಗಳನ್ನು ತಪ್ಪದೆ ನೆನಪಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಮಕ್ಕಳ ಬರಹದಲ್ಲಿ ಬಿಟ್ಟುಹೋದ ಅಲ್ಪವಿರಾಮವನ್ನೂ ಕ್ಷಮಿಸದವಳಿಗೆ ತಕ್ಕ ಕೆಲಸವೇ ಸಿಕ್ಕಿತೆಂದು ಪರಿಚಿತರು ನಕ್ಕರು. ನಗಲಿ. ತಪ್ಪನ್ನು ತಪ್ಪೆನ್ನುವುದು ನನಗೆ ಎಂದೂ ನಾಚಿಕೆಯ ವಿಷಯವಾಗಿಲ್ಲ. ಆ ತಪ್ಪು ನನ್ನದಾಗಿದ್ದಾಗಲೂ ಅಷ್ಟೇ.

ದೊಡ್ಡಉಳ್ಳಾರ್ತಿಯ ಹೆಂಗಸೊಬ್ಬರ ಪ್ರಕರಣದಲ್ಲಿ ತಪ್ಪು ನನ್ನದೇ ಆಗಿತ್ತು. ಕುರಿ ಸಾಕುವ ಮನೆತನದ ಅವರ ಮೇಲೆ ಸ್ವಂತ ಅಣ್ಣನೇ ದಾವೆ ಹೂಡಿದ್ದ. ಕುರಿಗಳನ್ನು ಕೂಡಿಹಾಕುವ ರೊಪ್ಪದ ಜಾಗವನ್ನು ತಂದೆ ಸಾಯುವ ಮುನ್ನ ಮಗಳ ಹೆಸರಿಗೆ ದಾನಪತ್ರ ಮಾಡಿಸಿದ್ದರು. ಆ ಜಾಗ ತನ್ನ ಹೊಲದ ಭಾಗವೆಂಬುದು ಅಣ್ಣನ ವಾದ. ತಂಗಿಗೆ ನ್ಯಾಯಾಲಯ ಕೊನೆಯ ಅವಕಾಶ ಕೊಟ್ಟಾಗಿತ್ತು. ಅವರ ಲಿಖಿತ ಹೇಳಿಕೆಯೂ ದಾನಪತ್ರವೂ ಆ ಗಡುವಿನೊಳಗೆ ದಾಖಲಾಗದಿದ್ದರೆ, ಅಣ್ಣನ ಮಾತನ್ನಷ್ಟೇ ಕೇಳಿ ಪ್ರಕರಣ ಮುಂದಕ್ಕೆ ಹೋಗುತ್ತಿತ್ತು. ರೊಪ್ಪ ಕೈಬಿಟ್ಟರೆ ಕುರಿಗಳನ್ನು ನಿಲ್ಲಿಸಲು ಅವರಿಗೆ ಬೇರೆ ಅಂಗೈಯಗಲ ನೆಲವಿರಲಿಲ್ಲ.

ನಾನು ಎಲ್ಲವನ್ನೂ ನಾಲ್ಕು ದಿನ ಮೊದಲೇ ಏರಿಸಿ ನಿಶ್ಚಿಂತಳಾಗಿದ್ದೆ. ಗಡುವಿನ ಹಿಂದಿನ ಸಂಜೆ ನ್ಯಾಯಾಲಯದ ಕಚೇರಿಯಿಂದ ಆಕ್ಷೇಪಣೆ ಬಂದಿತು: ದಾನಪತ್ರ ಅಸ್ಪಷ್ಟವಾಗಿದೆ, ಚಕ್ಕುಬಂದಿ ಓದಲಾಗುತ್ತಿಲ್ಲ, ಸರಿಪಡಿಸಿ ಸಲ್ಲಿಸತಕ್ಕದ್ದು.

ಕಡತ ತೆರೆದು ನೋಡಿದೆ. ಜಾಗದ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹೇಳುವ ಆ ಸಾಲಿನ ಮೇಲೆ, ಅದೊಂದೇ ಸಾಲಿನ ಮೇಲೆ, ಹೆಬ್ಬೆರಳಗಲದ ಕಪ್ಪು ಕಲೆಯಿತ್ತು. ಏನೆಂದು ತಕ್ಷಣ ಹೊಳೆಯಿತು. ಅವರ ಮನೆಯಲ್ಲಿ ಮುಖ್ಯವಾದ ಕಾಗದ ಹೊಸ್ತಿಲು ದಾಟುವ ಮುನ್ನ ಅದಕ್ಕೆ ಕುಂಕುಮ ಇಡುವುದು ರೂಢಿ. ಓದು ಬರಹ ಬಾರದಿದ್ದರೂ ಚಕ್ಕುಬಂದಿಯ ಸಾಲು ಯಾವುದೆಂದು ನಮ್ಮ ಕಕ್ಷಿದಾರರಾದ ಆ ತಾಯಿಗೆ ಗೊತ್ತಿತ್ತು; ತಂದೆ ಬೆರಳಿಟ್ಟು ತೋರಿಸಿ ಹೋಗಿದ್ದರು. ಆದ್ದರಿಂದ ಕುಂಕುಮವೂ ಅಲ್ಲಿಗೇ ಬಿದ್ದಿತ್ತು. ಕಡತದ ಗಾತ್ರ ಕಡಿಮೆಯಾಗಲೆಂದು ನಾನು ಸ್ಕ್ಯಾನರನ್ನು ಕಪ್ಪು ಬಿಳುಪಿಗೆ ಇರಿಸಿದ್ದೆ. ಯಂತ್ರ ಕೆಂಪನ್ನು ಕಪ್ಪಾಗಿಸಿತು. ಪುಟಸಂಖ್ಯೆಗಳನ್ನು ಎರಡೆರಡು ಬಾರಿ ಎಣಿಸಿದ್ದವಳು ಪುಟವನ್ನು ದೊಡ್ಡದಾಗಿಸಿ ಓದಿರಲಿಲ್ಲ. ಇಂಥದ್ದನ್ನು ವಿದ್ಯಾರ್ಥಿಯೊಬ್ಬ ಮಾಡಿದ್ದರೆ ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಮೂಲಪತ್ರವನ್ನು ಅವರು ಕಚೇರಿಯಲ್ಲಿ ಬಿಟ್ಟುಹೋಗುವವರಲ್ಲ. ಫೋನ್ ಮಾಡಿ, ಕಾಗದ ಸರಿಯಾಗಿ ಕಾಣದ್ದರಿಂದ ಹಿಂದಕ್ಕೆ ಬಂದಿದೆ, ನಾಳೆ ಮೊದಲ ಬಸ್ಸಿಗೇ ಮತ್ತೆ ತನ್ನಿ ಎಂದೆ. ಏಕೆ ಕಾಣಲಿಲ್ಲವೆಂದು ಬಿಡಿಸಿ ಹೇಳಲಿಲ್ಲ. ಅದು ನನ್ನ ಎರಡನೆಯ ತಪ್ಪು.

ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಅವರು ಮೆಟ್ಟಿಲ ಮೇಲೆ ಕುಳಿತಿದ್ದರು. ಮಡಿಲಿನಿಂದ ಕಾಗದ ತೆಗೆದು ಎರಡೂ ಕೈಯಲ್ಲಿ ಕೊಟ್ಟರು. ಚಕ್ಕುಬಂದಿಯ ಮೇಲೆ ಹೊಸ ಕುಂಕುಮ, ಮೊದಲಿನದಕ್ಕಿಂತ ಮೂರು ಪಟ್ಟು ದಪ್ಪ.

"ಹೋದ್ ಸಲ ಅವಸರದಾಗೆ ಒಂಚೂರು ಇಟ್ಟು ತಂದಿದ್ದೆ ಮೇಡಮ್ಮೋರೆ, ಅದಕ್ಕೇ ವಾಪಸ್ ಬಂತು," ಎಂದರು. "ಈ ಸಲ ಕಾಯಿ ಒಡ್ಸೇ ತಂದೀನಿ. ಹೆಂಗ್ ವಾಪಸ್ ಬರ್ತೈತೆ ನೋಡ್ತೀನಿ."

ನಾನು ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿ ಕಪ್ಪು ಕಲೆಯನ್ನು ತೋರಿಸಿದೆ.

"ಅಯ್ಯೋ, ನಮ್ಮಪ್ಪನ ಸಾಲಿಗೆ ಮಸಿ ಬಳ್ದೈತಲ್ರೀ ಇದು!"

"ಬಳಿದದ್ದು ಯಂತ್ರ ಅಮ್ಮ, ಬಳಿಯೋಕೆ ಬಿಟ್ಟವಳು ನಾನು. ಈಗ ಒರೆಸಿಬಿಡೋಣ."

ಒದ್ದೆ ಬಟ್ಟೆಯತ್ತ ನನ್ನ ಕೈ ಹೋದೊಡನೆ ಅವರು ಕಾಗದವನ್ನು ಎದೆಗವಚಿಕೊಂಡರು. "ಇಟ್ಟ ಕುಂಕುಮ ಒರಸ್ತಾರೇನ್ರೀ? ಓದಿದೋರು ನೀವು, ಇಂಥ ಮಾತಾಡ್ತೀರಾ?"

ಅಷ್ಟರಲ್ಲಿ ವಕೀಲರ ಫೋನ್ ಬಂದಿತು. ಆ ದಿನ ಅವರು ಮೊಳಕಾಲ್ಮುರಿನ ನ್ಯಾಯಾಲಯದಲ್ಲಿದ್ದರು. ನಾನು ನಡೆದದ್ದನ್ನು ಹೇಳಿದೆ.

"ಮೇಡಂ, ತಲೆ ಕೆಡಿಸ್ಕೊಬೇಡಿ. ಆಯಮ್ಮಂಗೆ ಹದಿನೈದು ದಿನದಿಂದ ಜ್ವರ ಇತ್ತು ಅಂತ ಒಂದು ಅಫಿಡವಿಟ್ ಟೈಪ್ ಮಾಡ್ಬಿಡಿ. ಇನ್ನೊಂದು ಸಲ ಟೈಮ್ ಕೇಳೋಣ. ಎಲ್ರೂ ಮಾಡೋದೇ."

ಫೋನಿನ ಧ್ವನಿ ಕೋಣೆಗೆಲ್ಲ ಕೇಳಿಸುವಷ್ಟು ದೊಡ್ಡದಿತ್ತು. "ಯಾರಿಗ್ರೀ ಜ್ವರ?" ಎಂದು ಆ ತಾಯಿ ಎದ್ದು ನಿಂತರು. "ನೆನ್ನೆ ಸಂಜೀತನಕ ಕಾವಲಾಗೆ ಕುರಿ ಮೇಯಿಸ್ಕಂಡು ತಿರುಗ್ದೋಳು ನಾನು. ಊರೋರೆಲ್ಲ ನೋಡ್ಯಾರೆ. ಸುಳ್ಳು ಬರ್ಸಿದ್ರೆ ನಮ್ಮಣ್ಣ ಅದನ್ನೇ ಹಿಡ್ಕಂಡು ಕುಣೀತಾನೆ. ನಾನ್ ಹೆಬ್ಬೆಟ್ ಒತ್ತಲ್ಲ."

"ನಾನೂ ಟೈಪ್ ಮಾಡುವುದಿಲ್ಲ," ಎಂದು ವಕೀಲರಿಗೆ ಹೇಳಿದೆ. "ಪ್ರಮಾಣ ಮಾಡಿ ಸುಳ್ಳು ಹೇಳಿಸಲು ನಾನು ಈ ಕೆಲಸಕ್ಕೆ ಸೇರಿಲ್ಲ. ತಪ್ಪು ನನ್ನದು, ಸಂಜೆಯೊಳಗೆ ತಿದ್ದುತ್ತೇನೆ. ಸಲ್ಲಿಸಲು ಬೇಕಾದ ಓಟಿಪಿ ನಿಮ್ಮ ಫೋನಿಗೆ ಬರುತ್ತದೆ. ಊಟದ ಬಿಡುವಿನಲ್ಲಿ ಫೋನ್ ಆರಿಸಿಡಬೇಡಿ."

"ಇನ್ನೂ ನಾನು ಎಂಟನೇ ಕ್ಲಾಸಲ್ಲೇ ಇದೀನಿ ಅಂದ್ಕೊಂಡಿದೀರಾ ಮೇಡಂ?"

"ಎಂಟನೆಯ ತರಗತಿಯಲ್ಲಿ ನೀವು ಸುಳ್ಳು ಹೇಳುತ್ತಿರಲಿಲ್ಲ."

ಅತ್ತ ಕಡೆಯಿಂದ ಫೋನ್ ಕಟ್ಟಾಯಿತು.

ಆ ತಾಯಿ ಕಾಗದವನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ನಾನು ಒತ್ತಾಯಿಸಲಿಲ್ಲ. ಒರೆಸುವುದೊಂದೇ ನನಗೆ ತೋಚಿದ್ದ ದಾರಿ. ದಾರಿಯನ್ನು ಕಂಡುಕೊಂಡವರು ಅವರು. ಕುಂಕುಮವನ್ನು ಒರೆಸಬಾರದು, ಆದರೆ ಪೂಜೆಯಾದ ಕುಂಕುಮವನ್ನು ಹಣೆಗೆ ಇಟ್ಟುಕೊಳ್ಳಬಾರದೆಂದು ಯಾರು ಹೇಳಿದ್ದಾರೆ? ಉಂಗುರ ಬೆರಳಿನ ತುದಿಯಿಂದ ಕಾಗದದ ಮೇಲಿನದನ್ನು ಮೆಲ್ಲಗೆ ತೆಗೆದು ತಮ್ಮ ಹಣೆಗೆ ಇಟ್ಟುಕೊಂಡರು. ನನ್ನ ಹಣೆಗೆ ಇಟ್ಟರು. ತಾಳಿಗೆ ಮುಟ್ಟಿಸಿಕೊಂಡರು. ಆಮೇಲೂ ಉಳಿದದ್ದನ್ನು ಸ್ಕ್ಯಾನರಿನ ಮುಚ್ಚಳಕ್ಕೆ ಇಟ್ಟು, "ಇದಕ್ಕೂ ಇರ್ಲಿ, ಬುದ್ಧಿ ಬರ್ಲಿ," ಎಂದರು. ನಾನು ತಡೆಯಲಿಲ್ಲ. ಕಾಗದವನ್ನು ಕಿಟಕಿಯಾಚೆ ಹಿಡಿದು ಹಗುರವಾಗಿ ಊದಿದರು. ಸಾಲಿನ ಮೇಲೆ ತೆಳುವಾದ ಕೆಂಪು ಮಾತ್ರ ಉಳಿಯಿತು. ಅದರ ಕೆಳಗೆ ಕಪ್ಪು ಶಾಯಿಯ ಅಕ್ಷರಗಳು ಎದ್ದು ಕಂಡವು.

ಈ ಬಾರಿ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿದೆ. ಕಡತ ಪೋರ್ಟಲ್ಲಿನ ಮಿತಿಯನ್ನು ಮೀರಿತು. ದಾನಪತ್ರವನ್ನು ಬೇರೆ ಕಡತವಾಗಿ ವಿಂಗಡಿಸಿ, ಪುಟಸಂಖ್ಯೆಗಳನ್ನು ಹೊಸದಾಗಿ ಹಾಕಿ, ಪ್ರತಿ ಪುಟವನ್ನೂ ಪರದೆಯ ತುಂಬ ಹಿಗ್ಗಿಸಿ ಅಕ್ಷರ ಅಕ್ಷರವಾಗಿ ಓದಿದೆ. ಚಕ್ಕುಬಂದಿಯನ್ನು ಗಟ್ಟಿಯಾಗಿ ಓದಿದಾಗ ಆ ತಾಯಿ ಪ್ರತಿ ದಿಕ್ಕಿಗೂ "ಹೌದು" ಎನ್ನುತ್ತ ಬಂದರು. ಉತ್ತರಕ್ಕೆ ಸರ್ಕಾರಿ ಕಾವಲು, ಅಂದರೆ ದನಕುರಿ ಮೇಯುವ ಬಯಲು, ಎಂದು ಬಂದಾಗ ಮಾತ್ರ, "ಈಗ ಅಲ್ಲಿ ಬೇಲಿ ಹಾಕ್ಯಾರೆ, ಆದ್ರೂ ಕಾವಲೇ ಅದು," ಎಂದು ತಿದ್ದಿದರು.

ಒಂದೂ ಮುಕ್ಕಾಲಾದರೂ ವಕೀಲರ ಫೋನ್ ಆರಿಯೇ ಇತ್ತು. ಎರಡಕ್ಕೆ ಐದು ನಿಮಿಷವಿದ್ದಾಗ ಅವರೇ ಕರೆ ಮಾಡಿ, ಏನನ್ನೂ ಮುನ್ನುಡಿಯಾಗಿ ಹೇಳದೆ, "ಕಳ್ಸಿ ಮೇಡಂ, ಓಟಿಪಿ ಓದ್ತೀನಿ," ಎಂದರು. ಆರು ಅಂಕಿಗಳನ್ನು ಒಂದೊಂದಾಗಿ ಓದಿದರು. ನಾನು ಒಂದೊಂದಾಗಿ ಬರೆದು, ಅವರಿಗೇ ತಿರುಗಿ ಓದಿ ಹೇಳಿ, ಆಮೇಲೆ ಒತ್ತಿದೆ. ನಾಲ್ಕು ಗಂಟೆಯ ಹೊತ್ತಿಗೆ ಪೋರ್ಟಲ್ಲಿನಲ್ಲಿ ಸ್ವೀಕೃತವಾಗಿದೆಯೆಂಬ ಉತ್ತರ ಬಂದಿತು.

ಮರುದಿನ ಪ್ರಕರಣ ಕರೆದಾಗ ನಾನು ನ್ಯಾಯಾಲಯದ ಹಿಂಬದಿಯಲ್ಲಿ, ಆ ತಾಯಿಯ ಪಕ್ಕದಲ್ಲಿ ನಿಂತಿದ್ದೆ. ಅಣ್ಣನ ಪರ ವಕೀಲರು, ಎದುರು ಪಕ್ಷದವರಿಂದ ಉತ್ತರವೇ ಬಂದಿಲ್ಲ ಎಂದು ಆರಂಭಿಸಿದರು. ನ್ಯಾಯಾಧೀಶರು ತಮ್ಮ ಮುಂದಿನ ಪರದೆಯನ್ನು ನೋಡಿ, ಹೇಳಿಕೆ ಮತ್ತು ದಾನಪತ್ರ ಎರಡೂ ಗಡುವಿನೊಳಗೇ ಬಂದಿವೆ, ನಿಮ್ಮ ವಾದವೇನು ಎಂದು ಕೇಳಿದರು. ಆ ವಕೀಲರು ಕಡತವನ್ನು ಹಿಂದೆ ಮುಂದೆ ತಿರುವಿ, ಓದಿ ನೋಡಲು ಕಾಲಾವಕಾಶ ಬೇಕೆಂದು ಕೈಮುಗಿದರು.

"ಏನಂತ್ರೀ ಅವರು?" ಎಂದು ಆ ತಾಯಿ ನನ್ನ ಕಿವಿಯಲ್ಲಿ ಕೇಳಿದರು.

"ಅವರಿಗೇ ಟೈಮ್ ಬೇಕಂತೆ."

ಅವರು ಸೆರಗನ್ನು ಬಿಗಿದು ಸಿಕ್ಕಿಸಿಕೊಂಡು, ಅಣ್ಣನಿಗೂ ಕೇಳಿಸುವಂತೆ ಹೇಳಿದರು: "ತಗಳ್ಳಲಿ ಬಿಡ್ರಿ. ಜ್ವರ ಗಿರ ಬಂದಿದ್ರೆ ವಾಸಿ ಮಾಡ್ಕಂಡೇ ಬರ್ಲಿ. ನಾನೇನು ರೊಪ್ಪ ಬಿಟ್ಟು ಎಲ್ಲಿಗೂ ಹೋಗಲ್ಲ."